ನೂತವರ ಕೂಲಿ ಎಲ್ಲಿ?

ದೆಹಲಿಯ ಕಿದ್ವಾಯಿ ನಗರದ ಪಕ್ಕದಲ್ಲೇ ದಿಲ್ಲಿ ಹಾಟ್ ಇದೆ. 1994ರಿಂದ ನಡೆಯುತ್ತಿರುವ ಈ ಸಂತೆಯಲ್ಲಿ ದೇಶದ ಕುಶಲಕರ್ಮಿಗಳಿಗೆ ಸರದಿಯಂತೆ ಮಳಿಗೆ ಸಿಗುತ್ತದೆ. ಬಟ್ಟೆ ಮುಟ್ಟಿ ನೋಡುವ ಗಿರಾಕಿ ‘ನೇಯಲು ಎಷ್ಟು ದಿನ ಬೇಕು?’ ಎಂದು ಕೇಳುತ್ತಾನೆ. ನೂಲಲು ಎಷ್ಟು ದಿನ ಎಂದು ಕೇಳುವವರು ಅಪರೂಪ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಸೀಮೆಯ ಕುರುಬರ ಕರಿ ಕಂಬಳಿಯ ವಿಷಯದಲ್ಲಿ ಹಾಗೆ ಕೇಳಿದರೆ ಬೆಲೆಯ ಲೆಕ್ಕವೇ ತಲೆಕೆಳಗಾಗುತ್ತದೆ. ಕತ್ತರಿಸಿ ತಂದ ಉಣ್ಣೆಯನ್ನು ಬಿಡಿಸಿ, ರಾಟೆಯಲ್ಲಿ ನೂಲುವವರು ಹೆಚ್ಚಾಗಿ ಮನೆಯ ಹೆಂಗಸರು. ಅಡುಗೆ, ನೀರು, ಮಕ್ಕಳ ನಡುವೆ ಸಿಕ್ಕ ಹೊತ್ತಿನಲ್ಲಿ ಅದು ಆಗಬೇಕು. ಆ ನೂಲಿಗೆ ಹುಣಸೆ ಬೀಜದ ಗಂಜಿ ಬಳಿದು ಗುಂಡಿ ಮಗ್ಗಕ್ಕೆ ಏರಿಸುವ ಹೊತ್ತಿಗೆ ದಿನಗಟ್ಟಲೆ ದುಡಿಮೆ ಮುಗಿದಿರುತ್ತದೆ. ಮನೆಯೊಳಗಿನ ಕೆಲಸವಾದ್ದರಿಂದ ಅದಕ್ಕೆ ಕೂಲಿ ಎಂಬುದೇ ಇಲ್ಲ.

ಐರ್ಲೆಂಡಿನ ಅಲ್ಸ್ಟರ್ ಸೀಮೆಯಲ್ಲೂ 18ನೇ ಶತಮಾನದಲ್ಲಿ ಹೀಗೆಯೇ ಇತ್ತು. ಅಗಸೆ ನಾರನ್ನು ಹೆಂಗಸರು ನೂಲುತ್ತಿದ್ದರು, ಗಂಡಸರು ಲಿನನ್ ನೇಯುತ್ತಿದ್ದರು. (ಉತ್ತರ ಕರ್ನಾಟಕದವರಿಗೆ ಅಗಸೆ ಎಂದರೆ ಹಿಂಡಿ, ಅಷ್ಟೇ.) 1825ರ ನಂತರ ನಾರನ್ನು ನೆನೆಸಿ ನೂಲುವ ಯಂತ್ರ ಬಂದಾಗ ಮೊದಲು ನಿಂತದ್ದು ಹೆಂಗಸರ ರಾಟೆ. ಮಗ್ಗಗಳು ಇನ್ನೂ ಕೆಲವು ದಶಕ ನಡೆದವು.

ಕಂಬಳಿಯ ಬೆಲೆಚೀಟಿಯಲ್ಲಿ ನೂತವರ ಹೆಸರೂ ಇರಬೇಕು, ಅವರ ಕೂಲಿಯೂ ಇರಬೇಕು. ಬೆಲೆ ಏರಿದರೆ ಗಿರಾಕಿ ಪಾಣಿಪತ್‌ನ ಬ್ಲ್ಯಾಂಕೆಟ್ ಕೊಳ್ಳುತ್ತಾನೆ ಎನ್ನುವವರಿದ್ದಾರೆ. ಬೆಲೆಯಲ್ಲಿ ಕಂಬಳಿ ಆ ಬ್ಲ್ಯಾಂಕೆಟ್ಟಿನ ಎದುರು ಈಗಲೂ ಗೆಲ್ಲುವುದಿಲ್ಲ. ಹೆಂಗಸರ ಬಿಟ್ಟಿ ದುಡಿಮೆಯಿಂದಲೇ ಅದು ಇಷ್ಟಾದರೂ ಅಗ್ಗವಾಗಿದೆ. ಚೌಕಾಸಿಯಲ್ಲಿ ಇಳಿಸುವ ನೂರು ರೂಪಾಯಿಯೂ ಅವರ ಪಾಲಿನದೇ.