ಉಗಿ ಎಂಜಿನ್ನಿಗೆ ಬಣ್ಣವಷ್ಟೇ ಸಾಲದು

ಭಾರತೀಯ ರೈಲ್ವೆಯ ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಉಗಿ ಎಂಜಿನ್ನುಗಳ ನಿಯತ ಓಡಾಟ 1995ರ ಡಿಸೆಂಬರ್‌ನಲ್ಲಿ ಕೊನೆಗೊಂಡಿತು. ಆದರೆ ಅಸ್ಸಾಮಿನ ಟಿಪಾಂಗ್ ಕಲ್ಲಿದ್ದಲ ಗಣಿಯಲ್ಲಿ, 2 ಅಡಿ ಅಂತರದ ಹಳಿಗಳ ಮೇಲೆ, ಅವು ಹೊಸ ಶತಮಾನಕ್ಕೂ ಕಾಲಿಟ್ಟವು. ಬಾಯ್ಲರಿನ ಬೆನ್ನ ಮೇಲೆ ಜೀನಿನಂತೆ ನೀರಿನ ತೊಟ್ಟಿ ಹೊತ್ತ ಇಂಗ್ಲೆಂಡಿನ ಬ್ಯಾಗ್ನಲ್ ಕಂಪನಿಯ ಪುಟ್ಟ ಎಂಜಿನ್ನುಗಳೂ, ಡಾರ್ಜಿಲಿಂಗ್ ರೈಲಿನಿಂದ ಬಂದ ಎಂಜಿನ್ನುಗಳೂ ಅಲ್ಲಿ ದುಡಿದವು. ಇದರಲ್ಲಿ ಭಾವುಕತೆಯೇನೂ ಇರಲಿಲ್ಲ. ಇಂಧನ ಗಣಿಯ ಬಾಯಲ್ಲೇ ದೊರೆಯುತ್ತಿತ್ತು, ಸಾಗಬೇಕಾದ ದೂರ ಅಲ್ಪ, ವೇಗದ ಅಗತ್ಯವಿರಲಿಲ್ಲ. ಹೊಸ ಯಂತ್ರಕ್ಕೆ ಹಣ ಹೂಡುವುದಕ್ಕಿಂತ ಹಳೆಯದನ್ನು ರಿಪೇರಿ ಮಾಡುವುದೇ ಲಾಭವೆಂದು ಯಾವ ವರ್ತಕನೂ ಹೇಳಬಹುದಾಗಿತ್ತು.

ಕರ್ನಾಟಕದಲ್ಲಿ ಕಲ್ಲಿದ್ದಲ ಗಣಿಗಳಿಲ್ಲ. ಕೋಲಾರದ ಚಿನ್ನದ ಗಣಿಗಳಿಗೆ ಬೌರಿಂಗ್‌ಪೇಟೆ-ಮಾರಿಕುಪ್ಪಂ ರೈಲು ಮಾರ್ಗ 1894ರಲ್ಲಿ ಬಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬಂದು ಗಣಿಯ ಉಗಿಯಂತ್ರಗಳನ್ನು ಹಿಂದೆ ಸರಿಸಿತು. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಕಾಡಿನ ಸೌದೆಯನ್ನು ಹೊತ್ತು ತಂದದ್ದು ಟ್ರಾಮ್ ಹಳಿಗಳ ಸಣ್ಣ ಉಗಿಬಂಡಿಗಳು. ಇಂತಹ ಕೈಗಾರಿಕಾ ಎಂಜಿನ್ನುಗಳ ಗತಿ ಸಾಮಾನ್ಯವಾಗಿ ಗುಜರಿಯೇ. ಪ್ರಯಾಣಿಕರನ್ನು ಹೊತ್ತ ಎಂಜಿನ್ನಿಗೆ ಅಭಿಮಾನಿಗಳಿರುತ್ತಾರೆ. ಅದಿರು ಹೊತ್ತದ್ದಕ್ಕೆ ತೂಕದ ಬೆಲೆ ಮಾತ್ರ.

ಉಳಿಸಿಕೊಂಡವುಗಳ ಸ್ಥಿತಿಯಾದರೂ ಹೇಗಿರುತ್ತದೆ? ಮೈಸೂರಿನಲ್ಲಿ 1979ರಲ್ಲಿ, ಹುಬ್ಬಳ್ಳಿಯಲ್ಲಿ 2020ರಲ್ಲಿ ರೈಲು ವಸ್ತುಸಂಗ್ರಹಾಲಯಗಳು ತೆರೆದವು, ಅಭಿನಂದನೀಯ ಕಾರ್ಯ. ಆದರೆ ಬಯಲಿನಲ್ಲಿ ನಿಲ್ಲಿಸಿದ ಯಾವುದೇ ಎಂಜಿನ್ನಿನ ಶತ್ರು ಒಳಗಿರುತ್ತದೆ. ಬೆಂಕಿಗೂಡಿನಲ್ಲಿ ಉಳಿದ ಬೂದಿ, ಮಸಿಯಲ್ಲಿರುವ ಗಂಧಕ ಮಳೆಯ ತೇವದೊಡನೆ ಸೇರಿ ಆಮ್ಲವಾಗಿ ತಗಡನ್ನು ತಿನ್ನುತ್ತವೆ. ಹೊರಗೆ ವರ್ಷಕ್ಕೊಮ್ಮೆ ಕಪ್ಪು ಬಣ್ಣ, ಒಳಗೆ ತುಕ್ಕು. ಓಡುವ ಸ್ಥಿತಿಯಲ್ಲಿಡಬೇಕಾದರೆ ಬಾಯ್ಲರ್ ಟ್ಯೂಬುಗಳನ್ನು ಬದಲಿಸಬೇಕು, ನೀರಿನ ಒತ್ತಡದ ಪರೀಕ್ಷೆ ನಡೆಸಬೇಕು, ಗನ್‌ಮೆಟಲ್ ಬುಷ್‌ಗಳನ್ನು ಎರಕ ಹೊಯ್ದು ಕೊರೆಯಬೇಕು. ನೀಲಗಿರಿ ರೈಲಿಗಾಗಿ ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಯಾಗಾರವು 2021ರಲ್ಲಿ ಕಲ್ಲಿದ್ದಲಿನಿಂದ ಓಡುವ ಹೊಸ ಉಗಿ ಎಂಜಿನ್ನನ್ನೇ ನಿರ್ಮಿಸಿತು. ಹೀಗಿರುವಾಗ ವಿದ್ಯೆ ನಶಿಸಿತೆಂಬ ನೆಪ ನಿಲ್ಲುವುದಿಲ್ಲ.

ಈ ಕೆಲಸ ರಾಜಾಜಿನಗರದ ಸಣ್ಣ ಕಾರ್ಖಾನೆಗಳಿಗೆ ಒಪ್ಪುವಂಥದು. ಹಳೆಯ ಬ್ರಿಟಿಷ್ ಎಂಜಿನ್ನುಗಳ ಅಳತೆಗಳು ಇಂಚಿನಲ್ಲಿವೆ, ಮರೆಗಳು ವಿಟ್‌ವರ್ತ್ ಮಾದರಿಯವು. ಅಂತಹ ಮರೆಯನ್ನು ಲೇತಿನಲ್ಲಿ ಕೈಯಾರೆ ತೆಗೆಯಬಲ್ಲ ಟರ್ನರುಗಳು, ಮರದ ಪ್ಯಾಟರ್ನ್ ಕೆತ್ತಬಲ್ಲವರು ಇಂತಹ ಬಡಾವಣೆಗಳಲ್ಲೇ ಪಳಗಿದವರು. ಆದರೆ ಶೆಡ್ಡುಗಳ ಜಾಗದಲ್ಲಿ ವಾಣಿಜ್ಯ ಸಂಕೀರ್ಣಗಳು ಏಳುತ್ತಿವೆ. ಹಿರಿಯರು ನಿವೃತ್ತರಾದರೆ ಅವರ ಕೈಚಳಕ ಕಲಿತವರು ವಿರಳ. ಎಂಜಿನ್ನಿಗಿಂತ ಮೊದಲು ನಶಿಸುವುದು ಈ ಕಸುಬು.

ಒಂದೇ ಬಿಡಿಭಾಗದ ಆರ್ಡರಿನಿಂದ ಯಾವ ಘಟಕಕ್ಕೂ ಹೊಟ್ಟೆ ತುಂಬದೆಂಬುದು ನಿಜ. ಆದ್ದರಿಂದ ಬಿಡಿ ಟೆಂಡರಿನ ಬದಲು ಹಲವು ಎಂಜಿನ್ನುಗಳ ಕೆಲಸವನ್ನು ಒಟ್ಟುಗೂಡಿಸಿ, ಕನಿಷ್ಠ ದರದ ಜೊತೆಗೆ ಅನುಭವವನ್ನೂ ಪರಿಗಣಿಸಿ ಹಂಚುವಂತೆ ವಾಣಿಜ್ಯ ಸಂಸ್ಥೆಗಳು ರೈಲ್ವೆ ಇಲಾಖೆಯನ್ನು ಕೇಳಬೇಕು. ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಂದ ಬಿಡಿಭಾಗಗಳ ಅಳತೆ ತೆಗೆಸಿ ನಕ್ಷೆ ಬರೆಸುವುದು ಮೊದಲ ಹೆಜ್ಜೆಯಾಗಲಿ. ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಪರಂಪರೆಯ ಹೆಸರಿನಲ್ಲಿ ಉಚಿತ ಸೇವೆ ನಿರೀಕ್ಷಿಸುವ ಅಭ್ಯಾಸ ಮಾತ್ರ ಬೇಡ. 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯಿದೆಯ ಪ್ರಕಾರ ಸಣ್ಣ ಘಟಕಗಳಿಗೆ 45 ದಿನಗಳೊಳಗೆ ಹಣ ಸಂದಾಯವಾಗಬೇಕು, ಉಗಿ ಎಂಜಿನ್ನಿನ ಬುಷ್‌ಗೂ ಅದೇ ನಿಯಮ.