ನೊರಜಿಗೊಂದು ಹೆಸರು ಏಕೆ ಬೇಕು?

ಮಳೆಗಾಲದಲ್ಲಿ ಮಲೆನಾಡಿನ ಕಾಡಿನೊಳಗೆ ಕೊಳೆತು ಬಿದ್ದ ದಿಮ್ಮಿಯನ್ನು ಕೊಂಚ ಸರಿಸಿದರೆ, ಸೊಳ್ಳೆಯನ್ನು ಹೋಲುವ ಪುಟ್ಟ ಕೀಟಗಳು ಹಾರಿಹೋಗುತ್ತವೆ. ಅವು ರಕ್ತ ಹೀರುವುದಿಲ್ಲ. ಗೂನುಬೆನ್ನು, ನೀಳವಾದ ಕಾಲುಗಳು, ಎರಡೇ ರೆಕ್ಕೆಗಳುಳ್ಳ ಇವು ಅಣಬೆ ನೊರಜುಗಳು. ಇವುಗಳ ಮರಿಹುಳುಗಳಲ್ಲಿ ಹೆಚ್ಚಿನವು ಅಣಬೆ, ಶಿಲೀಂಧ್ರದ ಎಳೆ, ಕೊಳೆತ ಮರ ಹಾಗೂ ತರಗೆಲೆಗಳ ನಡುವೆ ಬೆಳೆಯುತ್ತವೆ. ಇಂತಹ ನೊರಜಿನ ಹೊಸ ಪ್ರಭೇದವೊಂದನ್ನು ವಿವರಿಸಲು ಸಂಶೋಧಕರೊಬ್ಬರು ವರ್ಷಗಳನ್ನೇ ವ್ಯಯಿಸಿದರೆ, ಇದರಿಂದ ಯಾರಿಗೆ ಏನು ಪ್ರಯೋಜನ ಎಂಬ ಪ್ರಶ್ನೆ ಏಳುವುದು ಸಹಜ.

ಕೀಟವನ್ನು ಬಲೆಯಲ್ಲಿ ಹಿಡಿದ ಮಾತ್ರಕ್ಕೆ ಹೊಸ ಪ್ರಭೇದ ಸಿಕ್ಕಂತಾಗುವುದಿಲ್ಲ. ಕೆಲವೇ ಮಿಲಿಮೀಟರ್ ಉದ್ದದ ಈ ಜೀವಿಗಳಲ್ಲಿ ಪ್ರಭೇದಗಳ ವ್ಯತ್ಯಾಸ ಬಹುಮಟ್ಟಿಗೆ ಗಂಡಿನ ಜನನಾಂಗದ ರಚನೆಯಲ್ಲಿ ಅಡಗಿರುತ್ತದೆ. ಅದನ್ನು ಕ್ಷಾರದ್ರಾವಣದಲ್ಲಿಟ್ಟು ಪಾರದರ್ಶಕಗೊಳಿಸಿ, ಸೂಕ್ಷ್ಮದರ್ಶಕದಡಿ ಚಿತ್ರಿಸಿ, ರೆಕ್ಕೆಯ ನರಗಳನ್ನು ಅಳೆದು, ಹಿಂದಿನವರು ವಿವರಿಸಿದ ಪ್ರಭೇದಗಳೊಡನೆ ಹೋಲಿಸಬೇಕು. ಭಾರತದಲ್ಲಿ ಈ ಹೋಲಿಕೆಗಾಗಿ 1912ರಲ್ಲಿ ಪ್ರಕಟವಾದ ಬ್ರುನೆಟ್ಟಿಯವರ ಗ್ರಂಥದವರೆಗೂ ಹಿಂದೆ ಹೋಗಬೇಕಾಗುತ್ತದೆ. ಹೆಸರಿಗೆ ಆಧಾರವಾಗುವ ಒಂದು ಮಾದರಿಯನ್ನು ನಿಗದಿಪಡಿಸಬೇಕು. 2002ರ ಜೀವವೈವಿಧ್ಯ ಕಾಯ್ದೆಯ 39ನೇ ಕಲಮಿನಂತೆ, ಹೊಸ ಜೀವಿಯನ್ನು ಕಂಡುಹಿಡಿದವರು ಅದರ ಮಾದರಿಯನ್ನು ಸರ್ಕಾರ ಗೊತ್ತುಪಡಿಸಿದ ಸಂಗ್ರಹಾಲಯಕ್ಕೆ ಒಪ್ಪಿಸಬೇಕು.

ಇಷ್ಟೆಲ್ಲ ಶ್ರಮದ ಫಲವೇನೆಂಬುದಕ್ಕೆ ಆಸ್ಟ್ರೇಲಿಯಾದ ಒಂದು ನಿದರ್ಶನವಿದೆ. ಆ ದೇಶದಲ್ಲಿ ಮತ್ತು ನ್ಯೂಜಿಲೆಂಡಿನಲ್ಲಿ ಗುಹೆಗಳ ಛಾವಣಿಯಿಂದ ನೀಲಿ ಬೆಳಕು ಬೀರುವ ಹುಳುಗಳನ್ನು ನೋಡಲು ಪ್ರವಾಸಿಗರು ಮುಗಿಬೀಳುತ್ತಾರೆ. ಅವು ಮಿಂಚುಹುಳುವಿನ ಬಂಧುಗಳಲ್ಲ. ಅರಾಕ್ನೊಕ್ಯಾಂಪಾ ಎಂಬ ಅಣಬೆ ನೊರಜಿನ ಮರಿಗಳು. ಅಂಟಿನ ಎಳೆಗಳನ್ನು ಇಳಿಬಿಟ್ಟು, ಬೆಳಕಿಗೆ ಮರುಳಾಗಿ ಬರುವ ಕೀಟಗಳನ್ನು ಹಿಡಿದು ತಿನ್ನುತ್ತವೆ. 2010ರಲ್ಲಿ ಕ್ಲೇರ್ ಬೇಕರ್ ಆಸ್ಟ್ರೇಲಿಯಾದಿಂದ ಇವುಗಳ ಐದು ಹೊಸ ಪ್ರಭೇದಗಳನ್ನು ವಿವರಿಸಿದರು. ಅವುಗಳಲ್ಲೊಂದು ವಿಕ್ಟೋರಿಯಾ ರಾಜ್ಯದ ಬಫೆಲೊ ಬೆಟ್ಟದ ಒಂದೇ ಗುಹೆಯಿಂದ ತಿಳಿದುಬಂದದ್ದು. ನೋಡುಗರ ಕಣ್ಣಿಗೆ ಎಲ್ಲ ಗುಹೆಗಳ ಬೆಳಕೂ ಒಂದೇ. ಆದರೆ ಈ ಗುಹೆ ಹಾಳಾದರೆ ಒಂದು ಪ್ರಭೇದವೇ ಅಳಿಯಬಹುದೆಂಬ ಅರಿವು ಮೂಡಿದ್ದು ವಿವರಣೆಯಿಂದ.

ಹೆಸರಿಲ್ಲದ ಜೀವಿ ಪಟ್ಟಿಗೆ ಸೇರುವುದಿಲ್ಲ. ಪಟ್ಟಿಯಲ್ಲಿಲ್ಲದ್ದು ನಷ್ಟದ ಲೆಕ್ಕಕ್ಕೂ ಬರುವುದಿಲ್ಲ. ಅಣೆಕಟ್ಟು, ಗಣಿ, ಹೆದ್ದಾರಿಗಳ ಪರಿಸರ ಪರಿಣಾಮ ವರದಿಗಳಲ್ಲಿ ಆನೆ, ಮಂಗಟ್ಟೆ ಹಕ್ಕಿ, ಚಿಟ್ಟೆಗಳಿಗೆ ಸಿಗುವ ಜಾಗ ಕೊಳೆತ ದಿಮ್ಮಿಯ ಜೀವಲೋಕಕ್ಕೆ ಸಿಗುವುದು ಅಪರೂಪ. ಕೋಸ್ಟರಿಕಾದ ಮಂಜುಕಾಡಿನ ಸುಮಾರು ನಾಲ್ಕು ಹೆಕ್ಟೇರಿನಲ್ಲಿ ಒಂದು ವರ್ಷ ನಡೆದ ಸಮೀಕ್ಷೆಯಲ್ಲಿ ನೊಣ, ಸೊಳ್ಳೆ, ನೊರಜುಗಳ ಗಣವೊಂದರಲ್ಲೇ 4300ಕ್ಕೂ ಹೆಚ್ಚು ಪ್ರಭೇದಗಳು ದೊರೆತವೆಂದು 2018ರಲ್ಲಿ ಪ್ರಕಟವಾಯಿತು. ನಾಲ್ಕು ಹೆಕ್ಟೇರ್ ಕಾಡಿಗೆ ಪರಿಹಾರವಾಗಿ ಬೇರೆಡೆ ಸಸಿ ನೆಟ್ಟರಾಯಿತು ಎನ್ನುವವರು ಈ ಸಂಖ್ಯೆಯನ್ನು ಗಮನಿಸಬೇಕು.

ಕೃಷಿಕನಿಗೂ ಇದರಲ್ಲಿ ಪಾಲಿದೆ. ಅಣಬೆ ನೊರಜಿನ ಕೆಲವು ಪ್ರಭೇದಗಳು ಅಣಬೆ ಬೇಸಾಯಕ್ಕೂ ಸಸಿಮಡಿಗೂ ಪೀಡೆಯಾಗಿವೆ. ಯಾವುದು ಪೀಡೆ, ಯಾವುದು ನಿರುಪದ್ರವಿ ಎಂದು ಗುರುತಿಸಲು ಬಾರದಿದ್ದರೆ ಹಾರುವ ಸಕಲ ಕೀಟಗಳಿಗೂ ವಿಷವೇ ಉತ್ತರವಾಗುತ್ತದೆ.

ಹಾಗೆಂದು ಎಲ್ಲಕ್ಕೂ ಹೆಸರಿಡುವವರೆಗೆ ಕಾಯುವುದೂ ಸಲ್ಲದು. ವಿವರಣೆ ನಿಧಾನದ ಕೆಲಸ, ಕಾಡಿನ ನಾಶ ವೇಗದ್ದು. ಸೊಪ್ಪಿನಬೆಟ್ಟದಲ್ಲಿ ಬಿದ್ದ ಮರಗಳಲ್ಲಿ ಕೆಲವನ್ನಾದರೂ ಅಲ್ಲಿಯೇ ಕೊಳೆಯಲು ಬಿಡುವುದು, ದರಕನ್ನು ಪೂರ್ತಿ ಗುಡಿಸದೆ ಒಂದಿಷ್ಟು ಉಳಿಸುವುದು ಇಂದೇ ಸಾಧ್ಯವಿರುವ ಕೆಲಸಗಳು. ಇದರ ಜೊತೆಗೆ, ಸೂಕ್ಷ್ಮದರ್ಶಕದ ಮುಂದೆ ತಾಳ್ಮೆಯಿಂದ ಕೂರಬಲ್ಲ ಯುವಕ ಯುವತಿಯರಿಗೆ ಮಲೆನಾಡಿನ ಕಾಲೇಜುಗಳಲ್ಲಿ ಜೀವಿವರ್ಗೀಕರಣದ ತರಬೇತಿ ದೊರೆಯಬೇಕು. ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿಯಲ್ಲಿ ಮಾವು, ಹಲಸು, ಔಷಧಿ ಗಿಡಗಳ ನಂತರ ಕೊಳೆತ ದಿಮ್ಮಿಗೂ ಒಂದು ಪುಟ ಮೀಸಲಾಗಲಿ.