ಧ್ವನಿಗೆ ಅಂಕವಿದೆ, ಪಾಠವಿಲ್ಲ

ಬೋಧನಾಭ್ಯಾಸದ ಮೊದಲ ವಾರ ನನಗೆ ಸಿಕ್ಕ ವೀಕ್ಷಣಾ ನಮೂನೆಗಳು ಐದು. ಅವುಗಳಲ್ಲಿ ಮೂರರ ಕೊನೆಗೆ ಒಂದೇ ಷರಾ ಇತ್ತು: ‘ಧ್ವನಿ ಸಾಲದು. ಹಿಂದಿನ ಬೆಂಚಿಗೆ ಕೇಳಿಸುವುದಿಲ್ಲ.’ ಪಾಠಯೋಜನೆ, ಕಪ್ಪುಹಲಗೆಯ ಬರವಣಿಗೆ, ಪ್ರಶ್ನೆ ಕೇಳುವ ಕ್ರಮ ಎಲ್ಲದರ ಬಗ್ಗೆಯೂ ಒಳ್ಳೆಯ ಮಾತೇ ಬರೆದಿದ್ದರು. ಹಾಗಾಗಿ ಎರಡನೆಯ ವಾರ ಯಾರಾದರೂ ಮಾಡುವಂಥದ್ದನ್ನೇ ನಾನೂ ಮಾಡಿದೆ, ಕೂಗಿದೆ. ಷರಾ ನಿಂತಿತು. ಹನ್ನೊಂದನೆಯ ದಿನ ಧ್ವನಿಯೂ ನಿಂತಿತು.

ಅದು ನಿಂತದ್ದು ಎಂಟನೇ ತರಗತಿಯ ‘ಶಬ್ದ’ ಪಾಠದ ನಡುವೆ. ಎರಡು ರಬ್ಬರ್ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಬಿಗಿಯಾಗಿ ಎಳೆದು, ನಡುವಿನ ಸಂದಿಯಲ್ಲಿ ಊದಿ, ಧ್ವನಿಪೆಟ್ಟಿಗೆ ಹೇಗೆ ಕೆಲಸ ಮಾಡುತ್ತದೆಂದು ತೋರಿಸುವ ಚಟುವಟಿಕೆ. ರಬ್ಬರ್ ಪಟ್ಟಿಗಳು ಚೆನ್ನಾಗಿ ಸದ್ದು ಮಾಡಿದವು. ವಿವರಿಸಲು ಬಾಯಿ ತೆರೆದರೆ ನನ್ನ ಗಂಟಲಿನಿಂದ ಬರೀ ಗಾಳಿ ಬಂತು. ‘ಟೀಚರ್, ನಿಮ್ಮ ದನಿ ಎಲ್ಲಿ ಹೋತ್ರಿ?’ ಎಂದು ಮುಂದಿನ ಬೆಂಚಿನ ಹುಡುಗಿ ಕೇಳಿದಳು. ತರಗತಿ ನಕ್ಕಿತು, ನಾನೂ ನಕ್ಕೆ. ಸಂಜೆ ರೂಮಿಗೆ ಹೋಗಿ ಅತ್ತದ್ದು ಬೇರೆ ಮಾತು. ನಾನು ಚಿಕ್ಕಂದಿನಿಂದ ಹಾಡು ಕಲಿತವಳು. ಕೆಲಸ ಸಿಗುವ ಮುಂಚೆಯೇ, ಬರೀ ಹನ್ನೊಂದು ದಿನದಲ್ಲಿ, ಅದು ಕೈಬಿಟ್ಟು ಹೋಯಿತೇನೋ ಎಂಬ ಭಯ ಹುಟ್ಟಿತ್ತು.

ಕಿವಿ-ಮೂಗು-ಗಂಟಲಿನ ವೈದ್ಯರು ನೋಡಿ, ಧ್ವನಿತಂತುಗಳು ಊದಿಕೊಂಡಿವೆ, ಗಂಟು ಆಗಿಲ್ಲ ಎಂದರು. ಕೆಲವು ದಿನ ಮಾತು ಬಿಡಬೇಕು, ಪಿಸುಮಾತು ಕೂಡ ಬೇಡ. ಪಿಸುಗುಟ್ಟಿದರೆ ಗಂಟಲಿಗೆ ವಿಶ್ರಾಂತಿ ಎಂದು ನಾನು ತಿಳಿದಿದ್ದೆ. ಜೋರಾಗಿ ಪಿಸುಗುಟ್ಟುವಾಗ ಗಂಟಲು ಇನ್ನಷ್ಟು ಬಿಗಿಯುತ್ತದಂತೆ. ಮನೆಯಿಂದ ಜೇಷ್ಠಮಧು, ಕಲ್ಲುಸಕ್ಕರೆ, ಶುಂಠಿ ಕಷಾಯ ಎಲ್ಲವೂ ಬಂದವು. ಕುಡಿದೆ, ಹಿತವಾಯಿತು. ಆದರೆ ಜೀವಶಾಸ್ತ್ರ ಓದಿದವಳಾಗಿ ಒಂದು ಮಾತು ಹೇಳಬೇಕು: ಕುಡಿದದ್ದು ಧ್ವನಿತಂತುಗಳನ್ನು ಮುಟ್ಟುವುದೇ ಇಲ್ಲ. ನುಂಗುವಾಗ ಆ ದಾರಿ ಮುಚ್ಚಿಕೊಳ್ಳುತ್ತದೆ. ಮುಚ್ಚದಿದ್ದರೆ ‘ನೆತ್ತಿಗೆ ಹತ್ತಿತು’ ಎಂದು ಕೆಮ್ಮುತ್ತೇವಲ್ಲ, ಅದೇ. ಅಲ್ಲಿಗೆ ನೇರವಾಗಿ ತಲುಪುವುದು ಉಸಿರಿನ ಜೊತೆ ಹೋಗುವ ಹಬೆ. ನೀರು ಇಡೀ ದೇಹವನ್ನು ಸುತ್ತಿಕೊಂಡೇ ಅಲ್ಲಿಗೆ ಹೋಗಬೇಕು. ಆದ್ದರಿಂದ ಬೆಲ್ ಹೊಡೆದ ಮೇಲೆ ಗಟಗಟ ಕುಡಿದರೆ ಪ್ರಯೋಜನ ಕಡಿಮೆ, ಬೆಳಗಿನಿಂದಲೇ ಕುಡಿಯುತ್ತಿರಬೇಕು.

ಮಾತಿಲ್ಲದ ಆ ದಿನಗಳಲ್ಲಿ ಕೂತು ಒಂದು ಲೆಕ್ಕ ಹಾಕಿದೆ. ಸಾಮಾನ್ಯ ಮಾತಿನಲ್ಲಿ ಹೆಂಗಸರ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಸಲ ಕಂಪಿಸುತ್ತವೆ, ಗಂಡಸರವು ಸುಮಾರು 120 ಸಲ. 40 ನಿಮಿಷದ ಅವಧಿಯಲ್ಲಿ ಮೂರನೇ ಒಂದು ಪಾಲು ಮಾತ್ರ ನಿಜವಾಗಿ ಧ್ವನಿ ಹೊರಟಿತೆಂದು ಹಿಡಿದರೂ 800 ಸೆಕೆಂಡು, ಅಂದರೆ 1,60,000 ಸಲ. ದಿನಕ್ಕೆ ನಾಲ್ಕು ಅವಧಿಯಾದರೆ 6,40,000. ಒಂದಕ್ಕೊಂದು ಅಷ್ಟು ಸಲ ತಟ್ಟಿಕೊಳ್ಳುವ ಅಂಗದ ಉದ್ದ, ನಾವು ಬೋಧಿಸುವ ಪಾಠದ ಪ್ರಕಾರವೇ, ಗಂಡಸರಲ್ಲಿ 20 ಮಿಲಿಮೀಟರ್, ಹೆಂಗಸರಲ್ಲಿ 15. ಕೂಗಿದಾಗ ತಟ್ಟುವ ಬಿರುಸೂ ಹೆಚ್ಚು, ಎಣಿಕೆಯೂ ಹೆಚ್ಚು.

ಇಷ್ಟು ಕೆಲಸ ಮಾಡುವ ಅಂಗಕ್ಕೆ ನಮ್ಮ ಬಿ.ಎಡ್.ನಲ್ಲಿ ಏನಿದೆ? ಸೂಕ್ಷ್ಮ ಬೋಧನೆಯ ಪ್ರಚೋದನಾ ವೈವಿಧ್ಯ ಕೌಶಲದಲ್ಲಿ ‘ಧ್ವನಿಯ ಏರಿಳಿತ’ ಎಂಬ ಒಂದು ಸಾಲು, ಅದರ ಮುಂದೆ ಅಂಕ ಹಾಕುವ ಚೌಕ. ಏರಿಸುವುದು ಹೇಗೆ, ಇಳಿಸುವುದು ಹೇಗೆ ಎಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ. ಕಲಿಸದ ವಿಷಯಕ್ಕೆ ಅಂಕ ಕೊಡಬಾರದು ಎಂದು ಮೌಲ್ಯಮಾಪನದ ಪತ್ರಿಕೆಯಲ್ಲಿ ಓದುತ್ತೇವೆ, ಇಲ್ಲಿ ಅದನ್ನೇ ಮಾಡುತ್ತಿದ್ದೇವೆ. ಇದು ನನ್ನ ದೂರು.

ಹಾಡುವವರಿಗೆ ಇದೆಲ್ಲ ಗೊತ್ತಿರುತ್ತದೆ ಎಂದುಕೊಳ್ಳಬೇಡಿ. ಬೆಳಗಿನ ಖರ್ಜ ಸಾಧನೆ ಮಾಡಿದ ನನಗೇ ತರಗತಿಗೆ ಕಾಲಿಟ್ಟ ಕೂಡಲೇ ಉಸಿರು ಮರೆತುಹೋಗಿತ್ತು. ನನಗೆ ಸಂಗೀತ ಹೇಳಿಕೊಟ್ಟ ಮೇಡಂ ಅವರನ್ನು ನೋಡಲು ಹೋದಾಗ ಅವರ ಧ್ವನಿಯೂ ಒಡೆದಿತ್ತು. ಸಂಜೆ ನಾಲ್ಕು ಬ್ಯಾಚ್ ಮಕ್ಕಳು, ಪ್ರತಿಯೊಬ್ಬರ ಜೊತೆಗೂ, ಪ್ರತಿ ಸಾಲಿಗೂ, ಅವರ ಶ್ರುತಿಯಲ್ಲೇ ಹಾಡುತ್ತ ಬಂದವರು. ‘ನಾ ಹಾಡಿ ಕೆಟ್ಟಿಲ್ಲವಾ, ಹಾಡಿಸಿ ಕೆಟ್ಟೀನಿ. ನೀ ಹೇಳಿಕೊಡುವಾಗ ಹಾಡು, ಅವರು ಹಾಡುವಾಗ ಸುಮ್ಮನ ಕೇಳು’ ಎಂದರು. ಈ ಒಂದು ಮಾತಿಗಾಗಿಯೇ ಹೋಗಿದ್ದು ಸಾರ್ಥಕವಾಯಿತು. ಮಕ್ಕಳ ಜೊತೆ ನಾವೂ ಹಾಡುತ್ತಿದ್ದರೆ ಅವರ ತಪ್ಪು ನಮಗೆ ಕೇಳಿಸುವುದೂ ಇಲ್ಲ.

(ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಧ್ವನಿ ಕೆಟ್ಟವರಿಗೆಲ್ಲ ಗಂಗೂಬಾಯಿ ಹಾನಗಲ್ ಅವರ ಕಥೆ ಹೇಳಿ ಸಮಾಧಾನ ಮಾಡುತ್ತಾರೆ. ಅವರ ಕಂಠ ಗಡುಸಾದದ್ದು ಗಂಟಲಿನ ಚಿಕಿತ್ಸೆಯ ನಂತರ, ಕೂಗಿ ಅಲ್ಲ. ಆ ಸಮಾಧಾನ ನನಗೆ ಒಪ್ಪಿಗೆಯಿಲ್ಲ.)

ಮೇಡಂ ಹೇಳಿದ ಇನ್ನೊಂದು ಅಭ್ಯಾಸ ಬಾಯಿ ಮುಚ್ಚಿ ಮಕಾರ ಹಿಡಿಯುವುದು, ತುಟಿ ಅದುರುವಂತೆ ‘ಬುರ್‌ರ್’ ಎನ್ನುವುದು. ಚಿಕ್ಕ ಮಕ್ಕಳು ಗಾಡಿ ಓಡಿಸುತ್ತಾರಲ್ಲ, ಹಾಗೆ. ಎಳನೀರು ಕುಡಿಯುವ ಕೊಳವೆಯನ್ನು ತುಟಿಯಲ್ಲಿಟ್ಟು ಅದರೊಳಗೆ ಸ್ವರ ಬಿಡುವ ಅಭ್ಯಾಸವೂ ಇದೇ ಜಾತಿಯದು. ಅಮೆರಿಕದ ಧ್ವನಿವಿಜ್ಞಾನಿ ಇಂಗೊ ಟಿಟ್ಜೆ ಇದನ್ನು ಬಹಳ ಪ್ರಚಾರಕ್ಕೆ ತಂದರು. ದಾರಿಯ ತುದಿ ಕಿರಿದಾದಾಗ ಒಳಗೆ ಒತ್ತಡ ಉಳಿದು, ಧ್ವನಿತಂತುಗಳು ಬಿರುಸಾಗಿ ಬಡಿದುಕೊಳ್ಳದೆ ಮೃದುವಾಗಿ ಕಂಪಿಸುತ್ತವೆ. ಬಸ್ಸಿನಿಂದಿಳಿದು ಶಾಲೆಗೆ ನಡೆಯುವ ಐದು ನಿಮಿಷದಲ್ಲಿ ಇದನ್ನು ಮಾಡಿಕೊಳ್ಳುತ್ತೇನೆ. ನೋಡಿದವರು ಏನಾದರೂ ಅಂದುಕೊಳ್ಳಲಿ.

ತರಗತಿಯಲ್ಲಿ ನಿಜವಾಗಿ ಉಪಯೋಗಕ್ಕೆ ಬಂದದ್ದು ಭೌತಶಾಸ್ತ್ರ. ಬಯಲಿನಲ್ಲಿ ದೂರ ಎರಡರಷ್ಟಾದರೆ ಶಬ್ದ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಕೋಣೆಯಲ್ಲಿ ಗೋಡೆಗಳ ದೆಸೆಯಿಂದ ಅಷ್ಟು ಇಳಿಯದಿದ್ದರೂ ದಿಕ್ಕು ಅದೇ. ಹಿಂದಿನ ಬೆಂಚಿಗೆ ಕೇಳಿಸಬೇಕಾದರೆ ಧ್ವನಿ ಏರಿಸುವುದಕ್ಕಿಂತ ನಾಲ್ಕು ಹೆಜ್ಜೆ ಹಿಂದಿನ ಬೆಂಚಿನ ಕಡೆ ನಡೆಯುವುದು ಅಗ್ಗ. ಹಲಗೆಯ ಮೇಲೆ ಬರೆಯುತ್ತ ಮಾತಾಡಿದರೆ ನಾವು ಗೋಡೆಗೆ ಪಾಠ ಹೇಳುತ್ತಿರುತ್ತೇವೆ, ಮೇಲೆ ಸೀಮೆಸುಣ್ಣದ ಪುಡಿ ಬೇರೆ. ಗದ್ದಲ ಎದ್ದಾಗ ನಮಗೆ ಗೊತ್ತಿಲ್ಲದೆಯೇ ಧ್ವನಿ ಏರುತ್ತದೆ. ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲೇ ಇದನ್ನು ದಾಖಲಿಸಿದ್ದಾರೆ. ನಾವು ಏರಿಸಿದರೆ ಮಕ್ಕಳೂ ಏರಿಸುತ್ತಾರೆ, ಅರವತ್ತು ಗಂಟಲಿನ ಎದುರು ಒಂದು ಗಂಟಲು ಗೆದ್ದದ್ದುಂಟೆ? ಈಗ ನಾನು ಮೂರು ಚಪ್ಪಾಳೆ ತಟ್ಟಿ ಸುಮ್ಮನೆ ನಿಲ್ಲುತ್ತೇನೆ.

ಪ್ರಾರ್ಥನೆಯ ವಿಷಯ ಇನ್ನೂ ಗಂಭೀರ. ನಮ್ಮ ಶಾಲೆಯಲ್ಲಿ ಸಂಗೀತ ಶಿಕ್ಷಕರಿಲ್ಲ. ಹಾಡಲು ಬರುವ ಪ್ರಶಿಕ್ಷಣಾರ್ಥಿ ಬಂದಳೆಂದು ಪ್ರಾರ್ಥನೆ ನನಗೆ ಬಂತು. ನಾಡಗೀತೆಗೆ 2022ರಲ್ಲಿ ಸರಕಾರ ಮೈಸೂರು ಅನಂತಸ್ವಾಮಿ ಅವರ ಧಾಟಿಯನ್ನೂ 2 ನಿಮಿಷ 30 ಸೆಕೆಂಡು ಅವಧಿಯನ್ನೂ ಗೊತ್ತುಮಾಡಿತು. ಶ್ರುತಿ ಮಾತ್ರ ಆ ಬೆಳಗ್ಗೆ ಮೊದಲು ಬಾಯಿ ತೆರೆದವರದು. ನಾನು ನನಗೆ ಹಿತವಾದ ಬಿಳಿ ಐದಕ್ಕೆ ಎತ್ತುತ್ತಿದ್ದೆ. ಮಕ್ಕಳಿಗೆ ಅದು ತಗ್ಗು, ಕೆಳಗಿನ ಸ್ವರಗಳು ಗೊಣಗಾಟವಾಗುತ್ತಿದ್ದವು. ‘ಗಟ್ಟಿಯಾಗಿ ಹಾಡ್ರಿ’ ಎಂದು ಗದರಿಸುತ್ತಿದ್ದೆ. ನನ್ನ ನಮೂನೆಯ ಷರಾವನ್ನೇ ಅವರಿಗೆ ದಾಟಿಸುತ್ತಿದ್ದೆ ಎಂಬುದು ಹೊಳೆಯಲು ತಿಂಗಳು ಹಿಡಿಯಿತು. ಕರಿ ಐದಕ್ಕೆ ಏರಿಸಿದ ದಿನ ಹುಡುಗಿಯರ ಸಾಲು ತಾನಾಗಿ ತೆರೆದುಕೊಂಡಿತು. ಈಗ ಶ್ರುತಿ ಕೊಟ್ಟು ನಾನು ಬಾಯಿ ಮುಚ್ಚುತ್ತೇನೆ. ಎಂಟನೇ ತರಗತಿಯ ಒಬ್ಬ ಹುಡುಗಿ ಹಾಡು ಎತ್ತುತ್ತಾಳೆ.

ಆದರೆ ಒಂಬತ್ತನೇ ತರಗತಿಯ ಒಬ್ಬ ಹುಡುಗ ತುಟಿಯನ್ನೇ ಅಲುಗಿಸುತ್ತಿರಲಿಲ್ಲ. ಪ್ರಾಥಮಿಕ ಶಾಲೆಯಲ್ಲಿ ಬಹುಮಾನ ತಂದವನಂತೆ. ಧ್ವನಿ ಒಡೆಯುವ ವಯಸ್ಸು, ಗೆಳೆಯರು ‘ಕಪ್ಪಿ’ ಎಂದು ಕರೆದಿದ್ದರು, ಕಪ್ಪೆ ಎಂದು. ಹದಿಹರೆಯದ ಪಾಠದಲ್ಲಿ ಧ್ವನಿಪೆಟ್ಟಿಗೆ ಬೆಳೆಯುವ ಚಿತ್ರ ಬಿಡಿಸಿ ಭಾಗಗಳನ್ನು ಗುರುತಿಸಿದ ನಾನೇ ಅವನನ್ನು ಎಲ್ಲರೆದುರು ನಿಲ್ಲಿಸಿ ಹಾಡು ಎಂದಿದ್ದೆ. ಅವನಿಗೆ ಆ ಶ್ರುತಿ ಮೇಲೂ ಸಿಗುವುದಿಲ್ಲ, ಕೆಳಗೂ ಸಿಗುವುದಿಲ್ಲ. ಕೇಳುವ ಮೊದಲು ನನಗೆ ಅದು ಗೊತ್ತಿರಬೇಕಿತ್ತು. ಬಿ.ಎಸ್ಸಿ. ಕೊಟ್ಟ ತಿಳಿವಳಿಕೆಯನ್ನು ಬಿ.ಎಡ್. ಉಪಯೋಗಕ್ಕೆ ತರಿಸಲಿಲ್ಲ ಎಂದು ನಾನು ಹೇಳುವುದು ಇಂಥದ್ದಕ್ಕೆ.

‘ಮೂವತ್ತು ವರ್ಷ ಪಾಠ ಹೇಳಿದ್ದೇವೆ, ಧ್ವನಿ ತಾನಾಗಿ ಪಳಗುತ್ತದೆ’ ಎಂದು ಹಿರಿಯರು ಹೇಳುತ್ತಾರೆ. ಕೆಲವರದು ಪಳಗಿದೆ, ನಿಜ. ಪಳಗದವರದನ್ನು ನಾವು ‘ಮೇಷ್ಟ್ರ ಗಂಟಲು’ ಎಂದು ಕರೆದು ಸುಮ್ಮನಾಗಿದ್ದೇವೆ. ಎರಡು-ಮೂರು ವಾರ ಕಳೆದರೂ ಹೋಗದ ಗೊಗ್ಗರನ್ನು ವೈದ್ಯರಿಗೆ ತೋರಿಸಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ದೊಡ್ಡ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ.

ನಾನು ಕೇಳುವುದು ಹೊಸ ಪತ್ರಿಕೆಯನ್ನಲ್ಲ. ಸೂಕ್ಷ್ಮ ಬೋಧನೆಯ ದಿನಗಳಲ್ಲಿ ಒಂದು ಮಧ್ಯಾಹ್ನ, ಹಾಡು ಕಲಿಸುವವರೊಬ್ಬರು, ಸಾಧ್ಯವಾದರೆ ವಾಕ್ ಚಿಕಿತ್ಸಕರೊಬ್ಬರು. ಪ್ರಾರ್ಥನೆಯ ಬಯಲಿಗೆ ಕೆಡದ ಒಂದು ಮೈಕು. ಮತ್ತು ವೀಕ್ಷಣಾ ನಮೂನೆಯಲ್ಲಿ ‘ಧ್ವನಿ ಸಾಲದು’ ಎಂದು ಬರೆಯುವವರು ಅದರ ಕೆಳಗೆ ಇನ್ನೊಂದು ಸಾಲು ಬರೆಯಲಿ: ಪ್ರಶಿಕ್ಷಣಾರ್ಥಿ ಆಗ ಎಲ್ಲಿ ನಿಂತಿದ್ದಳು, ತರಗತಿ ಸುಮ್ಮನಿತ್ತೇ.

ಆ ಹುಡುಗ ಇನ್ನೂ ಹಾಡುತ್ತಿಲ್ಲ. ಪ್ರಾರ್ಥನೆಗೆ ಈಗ ತಾಳ ಹಾಕುತ್ತಾನೆ. ಕಳೆದ ಸೋಮವಾರ ಕೊನೆಯ ಸಾಲಿಗೆ ತಗ್ಗಿನಲ್ಲಿ ಏನೋ ಗುನುಗಿದಂತೆ ಕೇಳಿಸಿತು. ನಾನು ಆ ಕಡೆ ತಿರುಗಿ ನೋಡಲಿಲ್ಲ.